ಮನೆಮಂದಿಯೆಲ್ಲ ಸ್ಕೌಟ್ ದಳ ಸೇರುವುದು: ದಾವಣಗೆರೆಯಲ್ಲಿ ನಾವು ಮಾಡಿದ ಕ್ರಮ

ಅಂಗಡಿಗೆ ಹೋಗಿ ಬಟ್ಟೆ ತೆಗೆಯುವ ಮುಂಚೆ ಮಕ್ಕಳ ಹುಟ್ಟಿದ ದಿನಾಂಕ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಯಾವ ಮಗು ಎಲ್ಲಿ ಕೂರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ವಯಸ್ಸು. ತೀರಾ ಚಿಕ್ಕ ಮಕ್ಕಳಿಗೆ "ಬನ್ನಿ" (Bunny) ಅನ್ನುವ ವಿಭಾಗ. ಐದಾರು ವರ್ಷದಿಂದ ಹತ್ತರವರೆಗೆ ಗಂಡುಮಕ್ಕಳು ಕಬ್, ಹೆಣ್ಣುಮಕ್ಕಳು ಬುಲ್‌ಬುಲ್. ಹತ್ತು ತುಂಬಿದ ಮೇಲೆ ಸ್ಕೌಟ್ ಮತ್ತು ಗೈಡ್. ಪಿಯುಸಿ ಹೊತ್ತಿಗೆ ರೋವರ್, ರೇಂಜರ್, ಅದು ಇಪ್ಪತ್ತೈದರವರೆಗೂ ಇರುತ್ತದೆ. ಒಂದೇ ಮನೆಯ ಮೂರು ಮಕ್ಕಳು ಮೂರು ಬೇರೆ ವಿಭಾಗಕ್ಕೆ ಹೋಗುವುದು ಮಾಮೂಲು. ಹೀಗಾಗಿ ಅಣ್ಣ-ತಂಗಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂತ ಕೇಳಿದರೆ ಯಾವ ಸ್ಕೌಟ್ ಮಾಸ್ಟರೂ ಒಪ್ಪುವುದಿಲ್ಲ. ಮೈದಾನ ಒಂದೇ, ದಿನ ಒಂದೇ ಆಗಿರಲಿ ಅಂತ ಕೇಳಿ. ಮನೆಯವರಿಗೆ ನಿಜವಾಗಿ ಬೇಕಾಗಿರುವುದು ಅದೇ.

ವಯಸ್ಸಿನ ಪಕ್ಕದಲ್ಲಿ ತಿಂಗಳ ಲೆಕ್ಕ ಹಾಕಿ. ಸ್ಕೌಟ್ ಆಗಿ ಸೇರಿದ ಮಗು ಮೆಟ್ಟಿಲು ಹತ್ತಿದಂತೆ ಒಂದೊಂದೇ ಹಂತ ದಾಟಬೇಕು: ಮೊದಲ ಹಂತವಾದ ಪ್ರವೇಶಕ್ಕೆ 3 ತಿಂಗಳು, ಪ್ರಥಮ ಸೋಪಾನಕ್ಕೆ 6, ದ್ವಿತೀಯ ಸೋಪಾನಕ್ಕೆ 9, ತೃತೀಯ ಸೋಪಾನಕ್ಕೆ ಇನ್ನೊಂದು 9 ತಿಂಗಳು ಬೇಕು. ಒಟ್ಟು 27. ರಾಜ್ಯ ಪುರಸ್ಕಾರ ಅದಾದ ಮೇಲೆ, ರಾಷ್ಟ್ರಪತಿ ಪುರಸ್ಕಾರ ಅದಕ್ಕೂ ಮುಂದೆ. ಎಂಟನೇ ಕ್ಲಾಸಿನ ಜೂನ್‌ನಲ್ಲಿ ಸೇರಿದವನಿಗೆ ಒಂದು ದಿನವೂ ತಪ್ಪದೆ ನಡೆದರೂ ತೃತೀಯ ಸೋಪಾನ ಮುಗಿಯುವುದು ಹತ್ತನೇ ಕ್ಲಾಸಿನ ಸೆಪ್ಟೆಂಬರ್‌ಗೆ. ಆಗ ಎಸ್ಸೆಸ್ಸೆಲ್ಸಿ ಟ್ಯೂಷನ್ ಶುರುವಾಗಿರುತ್ತದೆ, ಮಗು ಅಲ್ಲಿಗೇ ನಿಂತುಬಿಡುತ್ತದೆ. ಐದನೇ ಅಥವಾ ಆರನೇ ಕ್ಲಾಸಿನಲ್ಲಿ ಸೇರಿಸಿದರೆ ಈ ಗಡಿಬಿಡಿ ಇಲ್ಲ. ರೈಲ್ವೆಯಲ್ಲಿ ಸ್ಕೌಟ್ ಕೋಟಾ ಇದೆಯಂತೆ ಅಂತ ಒಂಬತ್ತನೇ ಕ್ಲಾಸಿನಲ್ಲಿ ಓಡಿ ಬರುವವರಿದ್ದಾರೆ. ಕೋಟಾ ಇರುವುದು ನಿಜ. ಆದರೆ ಅಲ್ಲಿ ಕೇಳುವುದು ರಾಷ್ಟ್ರಪತಿ ಪುರಸ್ಕಾರದಂಥ ಮೇಲಿನ ಹಂತದ ಅರ್ಹತೆ ಮತ್ತು ವರ್ಷಗಟ್ಟಲೆಯ ಕ್ರಿಯಾಶೀಲ ಸದಸ್ಯತ್ವ. ನೌಕರಿ ಆಸೆಗೆ ಸೇರಿಸಿದ ಮಕ್ಕಳು ಎರಡನೇ ಮಳೆಗಾಲದ ಹೊತ್ತಿಗೆ ಮೈದಾನದಲ್ಲಿ ಕಾಣುವುದಿಲ್ಲ.

ದಳ ಹುಡುಕುವುದು

ದಳಗಳು ಎರಡು ಬಗೆ. ಶಾಲೆಯೇ ನಡೆಸುವ ದಳ ಒಂದು, ಯಾವ ಶಾಲೆಯ ಮಕ್ಕಳಾದರೂ ಸೇರಬಹುದಾದ ಮುಕ್ತ ದಳ ಇನ್ನೊಂದು. ಮಗುವಿನ ಶಾಲೆಯಲ್ಲಿ ದಳ ಇದ್ದರೆ ಮೊದಲು ಅಲ್ಲೇ ಕೇಳಿ. "ಇದೆ" ಅನ್ನುವ ಉತ್ತರಕ್ಕೆ ಸುಮ್ಮನಾಗಬೇಡಿ. ತರಬೇತಿ ಪಡೆದ ಶಿಕ್ಷಕರು ಈಗಲೂ ಆ ಶಾಲೆಯಲ್ಲೇ ಇದ್ದಾರಾ? ದಳದ ನೋಂದಣಿಗೆ ಈ ವರ್ಷದ ನವೀಕರಣ ಆಗಿದೆಯಾ? ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು ಕೂಟ? ಶಿಕ್ಷಕರಿಗೆ ವರ್ಗವಾದರೆ ದಳ ಹೆಸರಿಗಷ್ಟೇ ಉಳಿಯುವುದು ನಮ್ಮ ಜಿಲ್ಲೆಯಲ್ಲಿ ಹೊಸತೇನಲ್ಲ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಮಾತ್ರ ಸ್ಕಾರ್ಫ್ ಕಟ್ಟಿ ಪೆರೇಡ್ ಮಾಡಿಸುವ ಕಡೆ ಮಗುವಿನ ತಿಂಗಳುಗಳು ಲೆಕ್ಕಕ್ಕೆ ಬರುವುದಿಲ್ಲ.

ಮುಕ್ತ ದಳ ಎಲ್ಲಿದೆ ಅಂತ ತಿಳಿಯಲು ಜಿಲ್ಲಾ ಸಂಸ್ಥೆಗೇ ಹೋಗಬೇಕು. ಜಿಲ್ಲೆಗೊಂದು ಜಿಲ್ಲಾ ಸಂಸ್ಥೆ, ತಾಲ್ಲೂಕು ಮಟ್ಟಕ್ಕೆ ಸ್ಥಳೀಯ ಸಂಸ್ಥೆ. ದಾವಣಗೆರೆಯವರಿಗೆ ಇನ್ನೊಂದು ಅನುಕೂಲ ಇದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಗುಡ್ಡ, ಕೆರೆಯ ಪಕ್ಕದಲ್ಲೇ ಸ್ಕೌಟ್ ತರಬೇತಿ ಕೇಂದ್ರ ಇದೆ. ಕರ್ನಾಟಕದಲ್ಲಿ ಈ ಚಳವಳಿಯನ್ನು ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಊರು ಅದು. ಶಿಬಿರ ನಡೆಯುವಾಗ ಮುಂಚೆಯೇ ಕೇಳಿಕೊಂಡು ಮಕ್ಕಳನ್ನು ಅರ್ಧ ದಿನ ಕರೆದುಕೊಂಡು ಹೋಗಿ ತೋರಿಸಿ. ಟೆಂಟು, ಕೋಲಿನ ಗೇಟು, ಹೊಗೆಯಾಡುವ ಒಲೆ ಇವನ್ನೆಲ್ಲ ಕಣ್ಣಾರೆ ನೋಡಿದ ಮಗು ಸೇರಬೇಕೋ ಬೇಡವೋ ಅನ್ನುವುದನ್ನು ತಾನೇ ಹೇಳುತ್ತದೆ. ಬೇಡ ಅಂದರೆ ಒಂದು ವರ್ಷ ಬಿಟ್ಟು ಮತ್ತೆ ಕೇಳಿ.

ಹತ್ತಿರದಲ್ಲಿ ದಳವೇ ಇಲ್ಲದಿದ್ದರೆ ಹೊಸದು ಕಟ್ಟಬಹುದು. ಕಬ್ ಮಕ್ಕಳ ದಳಕ್ಕೆ ಪ್ಯಾಕ್ ಅನ್ನುತ್ತಾರೆ, ಅದರಲ್ಲಿ ಒಂದು ಸಿಕ್ಸ್ ಅಂದರೆ ಆರು ಮಕ್ಕಳ ಗುಂಪು. ಎರಡು ಸಿಕ್ಸ್ ಇಲ್ಲದೆ ಪ್ಯಾಕ್ ನಡೆಯುವುದಿಲ್ಲ, ಹಾಗಾಗಿ 12 ಮಕ್ಕಳಾದರೂ ಬೇಕು. ನಾವು ಲೆಕ್ಕ ಹಾಕುವುದು 16ಕ್ಕೆ. ಯಾಕೆಂದರೆ ಮೊದಲ ಎರಡು ತಿಂಗಳಲ್ಲಿ ಮೂರು ನಾಲ್ಕು ಮಕ್ಕಳು ಕರಾಟೆಗೋ ಅಬ್ಯಾಕಸ್‌ಗೋ ಹೋಗಿಬಿಡುತ್ತಾರೆ. ಸ್ಕೌಟ್ ದಳ ಅಂದರೆ ಟ್ರೂಪಿನಲ್ಲಿ ಚಿಕ್ಕ ಗುಂಪಿಗೆ ಪ್ಯಾಟ್ರೋಲ್ ಅನ್ನುತ್ತಾರೆ, ಒಂದು ಪ್ಯಾಟ್ರೋಲ್‌ಗೆ 6ರಿಂದ 8 ಮಕ್ಕಳು.

ಅಪ್ಪ ಅಮ್ಮ ಏನು ಮಾಡಬೇಕು

ಮುಕ್ತ ದಳ ನಿಲ್ಲುವುದು ಮಕ್ಕಳ ಕೊರತೆಯಿಂದಲ್ಲ, ದೊಡ್ಡವರ ಕೊರತೆಯಿಂದ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಗುವನ್ನು ಬೈಕಿನಲ್ಲಿ ತಂದು ಗೇಟಿನ ಹತ್ತಿರ ಇಳಿಸಿ "ಆರೂವರೆಗೆ ಬರ್ತೀನಿ ಸಾರ್" ಅಂತ ಹೋಗುವ ಮನೆಗಳೇ ಹತ್ತು ಇದ್ದರೆ ಒಬ್ಬ ಸ್ಕೌಟ್ ಮಾಸ್ಟರ್ ಒಂದು ವರ್ಷ ಎಳೆಯಬಹುದು, ಎರಡನೇ ವರ್ಷ ಸುಸ್ತಾಗುತ್ತಾರೆ. ನಾವು ಒಂದು ಮನೆಗೆ ಒಂದು ಕೆಲಸ ಅಂತ ಹಂಚಿಕೊಳ್ಳುತ್ತೇವೆ, ಕೆಲಸದ ಜೊತೆ ದಿನಾಂಕವನ್ನೂ ಬರೆಯುತ್ತೇವೆ. "ಏನಾದರೂ ಇದ್ದರೆ ಹೇಳಿ, ಮಾಡ್ತೀವಿ" ಅನ್ನುವ ಮಾತಿಗೆ ಬೆಲೆ ಇಲ್ಲ. "ಎರಡನೇ ಶನಿವಾರ ಕುಡಿಯುವ ನೀರಿನ ಕ್ಯಾನ್ ನಮ್ಮದು" ಅಂದರೆ ಕೆಲಸ ಆಗುತ್ತದೆ.

ದಳಕ್ಕೆ ಒಂದು ಸಮಿತಿ ಇರಬೇಕು, ಅದರಲ್ಲಿ ಪೋಷಕರು ಕೂರಬೇಕು. ಹಣ ಇಬ್ಬರ ಸಹಿಯ ಬ್ಯಾಂಕ್ ಖಾತೆಯಲ್ಲಿರಲಿ, ಇಬ್ಬರೂ ಒಂದೇ ಮನೆಯವರಾಗಿರಬಾರದು. ತರಬೇತಿ ಕೊಡುವವರ ಕೈಗೆ ದುಡ್ಡಿನ ಲೆಕ್ಕ ಕೊಡಬೇಡಿ. ಅವರಿಗೆ ಮಕ್ಕಳ ಕೆಲಸವೇ ಸಾಕಷ್ಟಿರುತ್ತದೆ, ಐವತ್ತು ರೂಪಾಯಿ ಎಲ್ಲಿ ಹೋಯಿತು ಅನ್ನುವ ಮಾತು ಬಂದರೆ ಒಳ್ಳೆಯ ಮಾಸ್ಟರು ದಳ ಬಿಟ್ಟು ಹೋಗುತ್ತಾರೆ.

ಮನೆಯಲ್ಲಿ ಒಬ್ಬರಾದರೂ ಸಮವಸ್ತ್ರ ಹಾಕುವ ಮನಸ್ಸು ಮಾಡಿದರೆ ಅದು ದಳಕ್ಕೆ ದೊಡ್ಡ ಆಸ್ತಿ. ಅವರಿಗಾಗಿ ಬೇಸಿಕ್ ತರಬೇತಿ ಇದೆ, 7 ದಿನ, ಅಲ್ಲೇ ಉಳಿದು ಕಲಿಯಬೇಕು. ಕಬ್ ಮಾಸ್ಟರ್, ಬುಲ್‌ಬುಲ್‌ಗಳಿಗೆ ಫ್ಲಾಕ್ ಲೀಡರ್, ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್ ಹೀಗೆ ವಿಭಾಗಕ್ಕೊಂದು ತರಬೇತಿ. ಅದಾದ ಮೇಲೆ ಅಡ್ವಾನ್ಸ್ಡ್, ಆಮೇಲೆ ಅದಕ್ಕೂ ಮೇಲಿನ ಹಂತ ಹಿಮಾಲಯ ವುಡ್ ಬ್ಯಾಡ್ಜ್. ಹೋಗುವವರು ಮೊದಲೇ ತೀರ್ಮಾನಿಸಬೇಕಾದ್ದು ಆ ಏಳು ದಿನ ಅಂಗಡಿ ಯಾರು ನೋಡುತ್ತಾರೆ, ಚಿಕ್ಕ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು. ಮಧ್ಯದಲ್ಲಿ ಎದ್ದು ಬಂದರೆ ತರಬೇತಿ ಪೂರ್ತಿ ಆಗುವುದಿಲ್ಲ. ಅಮ್ಮಂದಿರು ಹೋಗುವುದು ನಮ್ಮ ಕಡೆ ಬಹಳ ಮುಖ್ಯ. ಹೆಣ್ಣುಮಕ್ಕಳ ಶಿಬಿರಕ್ಕೆ ತರಬೇತಾದ ಹೆಂಗಸರೇ ಬೇಕು. ಅವರು ಸಿಗದೆ ಗೈಡ್ ಕಂಪನಿಗಳ, ಅಂದರೆ ಗೈಡ್ ದಳಗಳ, ರಾತ್ರಿ ಶಿಬಿರ ರದ್ದಾಗುತ್ತದೆ, ಆ ಹುಡುಗಿಯರ ಸೋಪಾನ ಹಿಂದೆ ಬೀಳುತ್ತದೆ. ಹುಡುಗರ ಶಿಬಿರ ಆ ಕಾರಣಕ್ಕೆ ರದ್ದಾಗುವುದಿಲ್ಲ. ಈ ಅನ್ಯಾಯವನ್ನು ಸರಿ ಮಾಡಲು ಆಗುವುದು ತಾಯಂದಿರಿಗೆ, ಅವರನ್ನು ಏಳು ದಿನ ಕಳಿಸಿಕೊಡುವ ಮನೆಯವರಿಗೆ.

ಮಕ್ಕಳ ಸುರಕ್ಷತೆಗೆ ನಮ್ಮಲ್ಲಿ ಎರಡು ನಿಯಮ, ಇವಕ್ಕೆ ಯಾರಿಗೂ ವಿನಾಯಿತಿ ಇಲ್ಲ. ಎಲ್ಲೇ ಆಗಲಿ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಶಿಬಿರದಲ್ಲಿ ದೊಡ್ಡವರು ಮಲಗುವ ಟೆಂಟು ಬೇರೆ, ಮಕ್ಕಳದು ಬೇರೆ. ಒಪ್ಪಿಗೆ ಪತ್ರದಲ್ಲಿ ಅಲರ್ಜಿ, ಫಿಟ್ಸ್, ದಿನದ ಮಾತ್ರೆ, ರಾತ್ರಿ ಹಾಸಿಗೆ ಒದ್ದೆಯಾಗುವುದು ಎಲ್ಲವನ್ನೂ ಕೇಳಿ. ಕೊನೆಯದನ್ನು ಬರೆಯಲು ಮನೆಯವರು ಹಿಂಜರಿಯುತ್ತಾರೆ. ಬಾಯಲ್ಲಿ ಹೇಳಿದರೂ ಸಾಕು, ಬೆಳಗ್ಗೆ ಆ ಮಗುವನ್ನು ಎಲ್ಲರಿಗಿಂತ ಮುಂಚೆ ಎಬ್ಬಿಸಿ ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳಬಹುದು.

ಸ್ಕಾರ್ಫ್, ಬಟ್ಟೆ

ಸ್ಕೌಟ್‌ಗೆ ಸ್ಟೀಲ್ ಗ್ರೇ ಅಂಗಿ, ನೇವಿ ಬ್ಲೂ ಪ್ಯಾಂಟು ಅಥವಾ ಚಡ್ಡಿ, ಕಡು ನೀಲಿ ಬೆರೆ ಟೋಪಿ, ಸಂಸ್ಥೆಯ ಬಕಲ್ ಇರುವ ಬೆಲ್ಟು. ಗೈಡ್‌ಗೆ ತಿಳಿ ನೀಲಿ. ಚೌಕಿಪೇಟೆಯಲ್ಲಿ "ಸ್ಕೌಟ್ ಬಟ್ಟೆ" ಅಂದರೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಬೂದು ಬಣ್ಣ ತೆಗೆಯುತ್ತಾರೆ. ಒಂದರಲ್ಲಿ ಸಿಮೆಂಟಿನ ಬಣ್ಣ, ಇನ್ನೊಂದರಲ್ಲಿ ಹಸಿರು ಛಾಯೆ. ದಳದಲ್ಲಿ ಈಗಾಗಲೇ ಇರುವ ಒಂದು ಅಂಗಿ ತೆಗೆದುಕೊಂಡು ಹೋಗಿ, ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬಿಸಿಲಿನಲ್ಲಿ ಹಿಡಿದು ನೋಡಿ. ತೋಳಿಗೂ ಪ್ಯಾಂಟಿನ ಅಂಚಿಗೂ ಎರಡು ಇಂಚು ಒಳಮಡಿಕೆ ಬಿಡಿಸಿದರೆ ಎರಡು ವರ್ಷ ಬರುತ್ತದೆ. ಮೊದಲ ಮೂರು ತಿಂಗಳು ಮಾತ್ರ ಸಮವಸ್ತ್ರ ಹೊಲಿಸಲೇಬೇಡಿ. ಪ್ರತಿಜ್ಞೆ ತೆಗೆದುಕೊಂಡು ದೀಕ್ಷೆ ಆಗುವವರೆಗೆ ಮಗುವಿಗೆ ಸದಸ್ಯತ್ವದ ಬ್ಯಾಡ್ಜ್ ಇರುವುದಿಲ್ಲ, ಶಾಲೆಯ ಬಟ್ಟೆಯಲ್ಲೇ ಬರಲಿ. ದೀಕ್ಷೆಯ ದಿನ ಹೊಸ ಅಂಗಿ, ಹೊಸ ಸ್ಕಾರ್ಫ್ ಅಂದರೆ ಮಗುವಿಗೆ ಆ ದಿನದ ತೂಕ ತಾನಾಗೇ ತಿಳಿಯುತ್ತದೆ.

ಸ್ಕಾರ್ಫ್ ಮಾತ್ರ ದಳಕ್ಕೆಲ್ಲ ಒಟ್ಟಿಗೆ ಹೊಲಿಸಿ. ಅದು ದಳದ ಬಣ್ಣ. ಹಸಿರು, ನೇರಳೆ, ಹಳದಿ ಆರಿಸುವಂತಿಲ್ಲ, ಅವು ಬೇರೆಯದಕ್ಕೆ ಮೀಸಲು. ತ್ರಿಕೋನದ ಎರಡು ಸಮ ಬದಿ 70ರಿಂದ 80 ಸೆಂಟಿಮೀಟರ್ ಇರಬೇಕು. 36 ಇಂಚು ಅಗಲದ ಹತ್ತಿ ಬಟ್ಟೆಯಲ್ಲಿ 78 ಸೆಂಟಿಮೀಟರಿನ ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಸ್ಕಾರ್ಫ್ ಸಿಗುತ್ತವೆ. ಅಂಚು ಮಡಚಿದ ಮೇಲೆ ಸುಮಾರು 75 ಉಳಿಯುತ್ತದೆ. ಅಂದರೆ 8 ಮಕ್ಕಳ ಒಂದು ಪ್ಯಾಟ್ರೋಲ್‌ಗೆ ನಾಲ್ಕು ಚೌಕ, ಮೂರೂಕಾಲು ಮೀಟರ್ ಬಟ್ಟೆ. ಕತ್ತರಿಸುವ ಮುಂಚೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ 70ಕ್ಕಿಂತ ಕೆಳಗೆ ಇಳಿಯುತ್ತದೆ. ಟೈಲರ್‌ಗೆ ಒಂದು ಮಾತು ತಪ್ಪದೆ ಹೇಳಬೇಕು: ಉದ್ದ ಬದಿ ಓರೆಯಾಗಿ ಕತ್ತರಿಸಿದ್ದು, ಎಳೆದರೆ ಹಿಗ್ಗುತ್ತದೆ. ಮಿಷನ್ನಿನಲ್ಲಿ ಬಟ್ಟೆಯನ್ನು ಜಗ್ಗದೆ ತಾನಾಗೇ ಸಾಗಲು ಬಿಡಬೇಕು. ಜಗ್ಗಿ ಹೊಲಿದ ಸ್ಕಾರ್ಫಿನ ಅಂಚು ಹಪ್ಪಳದ ಅಂಚಿನಂತೆ ಅಲೆ ಅಲೆಯಾಗುತ್ತದೆ, ಅದನ್ನು ಸುತ್ತಲು ಬರುವುದಿಲ್ಲ, ಕುತ್ತಿಗೆಯಲ್ಲಿ ಮುದ್ದೆಯಾಗಿ ಕೂರುತ್ತದೆ. ಸುತ್ತುವಾಗ ಉದ್ದ ಬದಿಯಿಂದ ಒಂದು ಬೆರಳಿನ ಅಗಲಕ್ಕೆ ಬಿಗಿಯಾಗಿ ಸುತ್ತುತ್ತ ಬಂದು, ಬೆನ್ನ ಮೇಲೆ ಬೀಳುವ ತ್ರಿಕೋನ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉಳಿದಾಗ ನಿಲ್ಲಿಸಬೇಕು. ಇದನ್ನು ಮಗುವೇ ಮಾಡಲಿ. ಅಮ್ಮ ಸುತ್ತಿಕೊಟ್ಟ ಸ್ಕಾರ್ಫನ್ನು ಪ್ರಥಮ ಚಿಕಿತ್ಸೆ ಕಲಿಸುವಾಗ ಬಿಚ್ಚಿಸಿದರೆ ಮತ್ತೆ ಸುತ್ತಲು ಬಾರದೆ ಅಳುತ್ತಾರೆ.

ಮನೆಯಲ್ಲೇ ಆಗುವ ಪ್ರವೇಶ

ಪ್ರವೇಶದ ಪಾಠದಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಆಗುತ್ತದೆ. ಪ್ರತಿಜ್ಞೆ, ನಿಯಮದ ಒಂಬತ್ತು ಅಂಶ, ಧ್ಯೇಯವಾಕ್ಯ, ಸ್ಕೌಟ್ ಚಿಹ್ನೆ, ಸೆಲ್ಯೂಟ್, ಎಡಗೈ ಹಸ್ತಲಾಘವ ಇವೆಲ್ಲ ಊಟದ ಹೊತ್ತಿಗೆ ದಿನಕ್ಕೊಂದು ಅಂತ ಕಲಿಸಬಹುದು. ಪ್ರಾರ್ಥನೆಯನ್ನು 90 ಸೆಕೆಂಡಿನಲ್ಲಿ, ಧ್ವಜಗೀತೆಯನ್ನು 45 ಸೆಕೆಂಡಿನಲ್ಲಿ, ರಾಷ್ಟ್ರಗೀತೆಯನ್ನು 52 ಸೆಕೆಂಡಿನಲ್ಲಿ ಮುಗಿಸಬೇಕು. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು ಹಾಡಿಸಿ. ಮಕ್ಕಳು ಪ್ರಾರ್ಥನೆಯನ್ನು ಎಳೆದು ಹಾಡುತ್ತಾರೆ, ಧ್ವಜಗೀತೆಯನ್ನು ಓಡಿಸಿಬಿಡುತ್ತಾರೆ. ಎರಡೂ ಹಿಂದಿಯಲ್ಲಿರುವುದರಿಂದ ಸಾಲುಗಳ ಅರ್ಥವನ್ನು ಕನ್ನಡದಲ್ಲಿ ಹೇಳಿಕೊಟ್ಟ ಮೇಲೆಯೇ ಬಾಯಿಪಾಠ ಮಾಡಿಸಿ.

ಇತಿಹಾಸ ಕೇಳಿದರೆ ಹೇಳಲು ನಾಲ್ಕು ಇಸವಿ ಸಾಕು. 1907ರಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೋವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ 20 ಹುಡುಗರ ಮೊದಲ ಶಿಬಿರ ನಡೆಸಿದರು. 1909ರಲ್ಲಿ ಭಾರತದ ಮೊದಲ ದಳ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. 1950ರ ನವೆಂಬರ್ 7ರಂದು ಬೇರೆ ಬೇರೆ ಸಂಸ್ಥೆಗಳು ಕೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು, 1951ರಲ್ಲಿ ಗೈಡ್ಸ್ ಸೇರಿಕೊಂಡರು.

ದಿನಕ್ಕೊಂದು ಸತ್ಕಾರ್ಯ ಮಾಡಿ ಡೈರಿಯಲ್ಲಿ ಬರೆಯಬೇಕು, ಕಡೇಪಕ್ಷ ಒಂದು ತಿಂಗಳು. ಇಲ್ಲಿ ತಪ್ಪು ಮಾಡುವವರು ಪೋಷಕರೇ. ಭಾನುವಾರ ರಾತ್ರಿ ಕೂತು ಏಳು ದಿನದ್ದನ್ನೂ ಹೇಳಿ ಬರೆಸುತ್ತಾರೆ: ಮುದುಕರಿಗೆ ರಸ್ತೆ ದಾಟಿಸಿದೆ, ಬಿದ್ದ ಕಲ್ಲು ತೆಗೆದೆ. ಹದಿನಾರು ಮಕ್ಕಳ ಡೈರಿಯಲ್ಲೂ ಅದೇ ಮುದುಕರು ಅದೇ ರಸ್ತೆ ದಾಟಿರುತ್ತಾರೆ. ಡೈರಿಯನ್ನು ಅಡುಗೆಮನೆಯ ಬಾಗಿಲಿಗೆ ದಾರ ಕಟ್ಟಿ ಪೆನ್ಸಿಲ್ ಸಮೇತ ತೂಗು ಹಾಕಿ. ಮಾಡಿದ ದಿನವೇ ಒಂದು ಸಾಲು ಬರೆಯಲಿ, ಮಾಡದ ದಿನ ಖಾಲಿ ಇರಲಿ. ಖಾಲಿ ಜಾಗ ಇರುವ ಡೈರಿಯನ್ನು ಪರೀಕ್ಷಕರು ನಂಬುತ್ತಾರೆ.

ಗಂಟುಗಳು ಪ್ರಥಮ ಸೋಪಾನಕ್ಕೆ ಬರುತ್ತವೆ: ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್, ಶೀಪ್ ಶ್ಯಾಂಕ್, ಫಿಶರ್‌ಮ್ಯಾನ್ಸ್ ನಾಟ್. ಹೆಬ್ಬೆರಳಿಗಿಂತ ಸಣ್ಣದಾದ ನೂಲಿನ ಹಗ್ಗ ಎರಡು ಮೀಟರ್ ತಂದು ಮನೆಯಲ್ಲಿ ಕಿಟಕಿ ಸರಳಿಗೆ ಕಟ್ಟಿಡಿ. ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬೇಡ. ಅದು ನುಣುಪು, ಸರಿಯಾಗಿ ಹಾಕಿದ ಗಂಟೂ ಜಾರುತ್ತದೆ, ತಪ್ಪು ತನ್ನದೋ ಹಗ್ಗದ್ದೋ ಮಗುವಿಗೆ ತಿಳಿಯುವುದಿಲ್ಲ. ರೀಫ್ ನಾಟ್ ಹಾಕುವಾಗ ಹತ್ತರಲ್ಲಿ ಆರು ಮಕ್ಕಳು ಎರಡೂ ಸಲ ಬಲಗೈ ತುದಿಯನ್ನೇ ಮೇಲೆ ತರುತ್ತಾರೆ. ಆಗ ತುದಿಗಳು ಹಗ್ಗದ ಗುಂಟ ಕೂರದೆ ಅಡ್ಡಡ್ಡ ನಿಲ್ಲುತ್ತವೆ, ಎಳೆದರೆ ಜಾರುತ್ತದೆ. ಎರಡು ಬಣ್ಣದ ಹಗ್ಗ ಕೊಟ್ಟು, ಮೊದಲು ಮೇಲೆ ಬಂದ ಬಣ್ಣವೇ ಎರಡನೇ ಸಲವೂ ಮೇಲೆ ಬರಲಿ ಅಂದರೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತದೆ.

ಧ್ವಜ ಬಿಚ್ಚಿಕೊಳ್ಳದಿದ್ದರೆ

ವಾರದ ಕೂಟ ಒಂದೂವರೆ ಗಂಟೆ. ಕುದುರೆಲಾಳದ ಆಕಾರದಲ್ಲಿ ನಿಲ್ಲುವುದು, ಪ್ರಾರ್ಥನೆ, ಧ್ವಜ, ತಪಾಸಣೆ, ಒಂದು ಓಡುವ ಆಟ, ಪಾಠ, ಪ್ಯಾಟ್ರೋಲ್ ಮೂಲೆ (ಒಂದೊಂದು ಪ್ಯಾಟ್ರೋಲ್ ಬೇರೆಯಾಗಿ ಸೇರುವುದು), ಕೊನೆಗೆ ಧ್ವಜ ಇಳಿಸುವುದು. ಇದರಲ್ಲಿ ಎಲ್ಲರೆದುರು ಕೆಡುವುದು ಧ್ವಜ. ಹಗ್ಗ ಎಳೆದರೂ ಮೇಲೆ ಗಂಟಾಗೇ ನಿಂತುಬಿಡುತ್ತದೆ. ಕಾರಣ ಯಾವಾಗಲೂ ಮಡಿಕೆಯಲ್ಲಿದೆ.

ಕಡು ನೀಲಿ ಧ್ವಜವನ್ನು ಇಬ್ಬರು ಎದುರುಬದುರು ಹಿಡಿದು ಉದ್ದಕ್ಕೆ ಅರ್ಧ ಮಡಚಿ, ಮತ್ತೆ ಅರ್ಧ ಮಡಚಿ. ಪಟ್ಟಿ ಒಂದೂವರೆ ಗೇಣಿಗಿಂತ ಅಗಲ ಇದ್ದರೆ ಇನ್ನೊಮ್ಮೆ. ಈಗ ಹಾರುವ ತುದಿಯಿಂದ ಶುರುಮಾಡಿ ಹಗ್ಗ ಇರುವ ಕಡೆಗೆ ಬೀಸಣಿಗೆಯಂತೆ ಹಿಂದೆ ಮುಂದೆ ಮಡಚುತ್ತ ಬನ್ನಿ. ಸುರುಳಿ ಸುತ್ತಬೇಡಿ, ಸುರುಳಿ ಗಾಳಿ ಇಲ್ಲದಿದ್ದರೆ ಬಿಚ್ಚುವುದಿಲ್ಲ. ಕಟ್ಟನ್ನು ಅಂಗೈಯಲ್ಲಿ ಹಿಡಿದು ಕೆಳಗಿನ ಹಗ್ಗವನ್ನು ಅದರ ಸುತ್ತ ಎರಡೇ ಸುತ್ತು ಹಾಕಿ. ಆಮೇಲೆ ಅದೇ ಹಗ್ಗದಲ್ಲಿ ಒಂದು ಕುಣಿಕೆ ಮಾಡಿ ಸುತ್ತಿನ ಕೆಳಗೆ ಎರಡು ಬೆರಳು ಉದ್ದ ಸಿಕ್ಕಿಸಿ. ಸಿಕ್ಕಿಸುವುದು ಕುಣಿಕೆಯನ್ನು, ತುದಿಯನ್ನಲ್ಲ. ಹಗ್ಗದ ತುದಿಯನ್ನೇ ಪೂರ್ತಿ ಒಳಗೆ ತೂರಿಸಿದರೆ ಅದು ನಿಜವಾದ ಗಂಟಾಗುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ. ಮೂರು ನಾಲ್ಕು ಸುತ್ತು ಹಾಕಿದರೂ ಇದೇ ಗತಿ. ಏರಿಸುವಾಗ ಎರಡು ಹಗ್ಗ ಅದಲು ಬದಲಾಗಿ ತಲೆಕೆಳಗಾಗುವುದು ಇನ್ನೊಂದು ತಪ್ಪು. ಮೇಲಿನ ಹಗ್ಗದ ತುದಿಗೆ ಕೆಂಪು ದಾರ ಸುತ್ತಿಟ್ಟರೆ ಆ ಭಯ ಇಲ್ಲ. ಕೂಟಕ್ಕೆ ಹತ್ತು ನಿಮಿಷ ಮುಂಚೆ ಬಂದು ಆಳೆತ್ತರಕ್ಕೆ ಏರಿಸಿ ಒಮ್ಮೆ ಬಿಚ್ಚಿ ನೋಡಿ, ಮತ್ತೆ ಮಡಚಿ ಕಟ್ಟಿ. ಈ ಕೆಲಸವನ್ನು ಪ್ಯಾಟ್ರೋಲ್ ಲೀಡರ್‌ಗೇ ಬಿಡಿ, ನೀವು ಪಕ್ಕದಲ್ಲಿ ನಿಲ್ಲಿ.

ನಡಿಗೆ ಮತ್ತು ಒಲೆ

ಮೊದಲ ಹೊರಸಂಚಾರ ಊರೊಳಗೇ ಇರಲಿ. ಕುಂದವಾಡ ಕೆರೆಯ ಏರಿ ಮೇಲೆ ಬೆಳಗಿನ ನಡಿಗೆ, ಹಕ್ಕಿ ಗುರುತಿಸುವುದು, ದಿಕ್ಸೂಚಿ ಹಿಡಿಯುವುದು. ಎರಡನೆಯದಕ್ಕೆ ಕೊಂಡಜ್ಜಿ, ಮೂರನೆಯದಕ್ಕೆ ಚಿತ್ರದುರ್ಗ. ದುರ್ಗದ ಕೋಟೆಗೆ ಬೆಳಗ್ಗೆ ಬಾಗಿಲು ತೆಗೆಯುತ್ತಲೇ ಹೋಗಿ ಬಿಸಿಲು ಏರುವ ಮುಂಚೆ ಇಳಿದುಬಿಡಿ. ಹತ್ತೂವರೆ ಮೇಲೆ ಬಂಡೆ ಕಾಯ್ದು ಕೆಳಗಿನಿಂದಲೂ ಸುಡುತ್ತದೆ, ಚಿಕ್ಕ ಮಕ್ಕಳಿಗೆ ಅದೇ ಹೆಚ್ಚು ತಾಗುವುದು, ಅವರು ನೆಲಕ್ಕೆ ಹತ್ತಿರ ಇರುತ್ತಾರಲ್ಲ. ಕೋಟೆ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ, ಒಳಗೆ ಒಲೆ ಹಚ್ಚುವ ಮಾತೇ ಇಲ್ಲ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅದರ ಕೆಳಗೆ ಸೀಟಿ, ಕೂಗಾಟ, ಕಲ್ಲೆಸೆತ ಬೇಡ, ಆ ದಿನ ಯಾರೂ ಸೆಂಟು ಹಾಕಿಕೊಂಡು ಬರಬಾರದು. ಕೋತಿಗಳು ಪ್ಲಾಸ್ಟಿಕ್ ಕವರ್ ಕಂಡರೆ ಬಿಡುವುದಿಲ್ಲ, ತಿಂಡಿ ಬ್ಯಾಗಿನೊಳಗೇ ಇರಲಿ. ಜೋಗಿಮಟ್ಟಿ ಕಡೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಮುಂಚೆಯೇ ತೆಗೆದುಕೊಳ್ಳಿ.

ನೀರು ಅರ್ಧ ದಿನಕ್ಕೆ ಒಂದು ಮಗುವಿಗೆ 2 ಲೀಟರ್, ಮಾರ್ಚ್ ಆಮೇಲೆ 3. ಬಾಯಾರಿದಾಗ ಕುಡಿ ಅಂತ ಬಿಟ್ಟರೆ ಆಟದಲ್ಲಿ ಮರೆಯುತ್ತಾರೆ, ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಹೊಡೆದು ಎಲ್ಲರಿಂದಲೂ ನಾಲ್ಕು ಗುಟುಕು ಕುಡಿಸಬೇಕು. ಸುಸ್ತಾದವರಿಗೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಚಮಚದ ಬಾಯಿ ಸಮ ಮಾಡಿ ಅಳೆದದ್ದು. ಉಪ್ಪು ಹೆಚ್ಚಾದರೆ ಅನುಕೂಲಕ್ಕಿಂತ ಅಪಾಯವೇ ಜಾಸ್ತಿ.

ಅಡುಗೆ ಪ್ಯಾಟ್ರೋಲ್‌ನವರೇ ಮಾಡಬೇಕು, ಅಮ್ಮಂದಿರು ಡಬ್ಬಿ ಕಳಿಸುವಂತಿಲ್ಲ. ಇದೊಂದು ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. 8 ಮಕ್ಕಳಿಗೆ ಬೆಳಗಿನ ಉಪ್ಪಿಟ್ಟಿಗೆ 600 ಗ್ರಾಂ ಹುರಿದ ರವೆ, 100 ಮಿಲಿ ಎಣ್ಣೆ, 4 ಈರುಳ್ಳಿ, 8 ಹಸಿಮೆಣಸಿನಕಾಯಿ, ಒಂದೂವರೆ ಲೀಟರ್ ನೀರು. ಸೌದೆ ಒಲೆಯಲ್ಲಿ ಬೇಗ ಆವಿಯಾಗುವುದರಿಂದ ಇನ್ನೊಂದು ಲೋಟ ಹೆಚ್ಚಿಗೆ. ರವೆಯನ್ನು ಒಬ್ಬರು ಸುರಿಯಬೇಕು, ಇನ್ನೊಬ್ಬರು ಕೈ ಬಿಡದೆ ತಿರುವಬೇಕು. ಒಬ್ಬರೇ ಎರಡೂ ಮಾಡಲು ಹೋದರೆ ಗಂಟು ಗಂಟಾಗುತ್ತದೆ. ನೀರು ಮರಳು ಕುದಿ ಬಂದ ಮೇಲೆ ಎರಡು ಕೊಳ್ಳಿ ಹೊರಗೆಳೆದು ಕೆಂಡದ ಮೇಲೆ ಮಾಡಿದರೆ ತಳ ಹಿಡಿಯುವುದಿಲ್ಲ. ಮಧ್ಯಾಹ್ನಕ್ಕೆ 1 ಕಿಲೋ ಅಕ್ಕಿ, ಕಾಲು ಕಿಲೋ ತೊಗರಿಬೇಳೆ. ಬೇಳೆಯನ್ನು ಉಪ್ಪಿಟ್ಟು ಇಳಿಸಿದ ಕೂಡಲೇ ನೆನೆಹಾಕದಿದ್ದರೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಒಂದು ಹೊತ್ತಿನ ಅನ್ನ ಸಾರಿಗೆ ಒಣ ಜಾಲಿ ಸೌದೆ ಐದಾರು ಕಿಲೋ. ಪಾತ್ರೆಯ ಹೊರಮೈಗೆ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಬಳಿದು ಒಣಗಿಸಿ ಒಲೆಗೆ ಇಟ್ಟರೆ ಮಸಿ ಮಣ್ಣಿನ ಜೊತೆಗೇ ಬಿಟ್ಟುಹೋಗುತ್ತದೆ. ಸಂಜೆಗೆ ಖಾರ ಮಂಡಕ್ಕಿ ಸಾಕು, ಒಲೆ ಬೇಕಿಲ್ಲ. ದಾವಣಗೆರೆ ಮಕ್ಕಳಿಗೆ ಅದನ್ನು ಕಲಸಲು ಹೇಳಿಕೊಡಬೇಕಾಗಿಯೂ ಇಲ್ಲ.

ಮಲಗುವ ಮುಂಚೆ ಜಮಖಾನ ಕೊಡವಬೇಕು, ಬೆಳಗ್ಗೆ ಶೂ ತಲೆಕೆಳಗು ಮಾಡಿ ತಟ್ಟಿಯೇ ಕಾಲು ಹಾಕಬೇಕು. ಕಲ್ಲುಗುಡ್ಡದ ಸೀಮೆ ನಮ್ಮದು, ಚೇಳು ಇದ್ದೇ ಇರುತ್ತದೆ.

ಮಾರ್ಚ್ ತಿಂಗಳ ಕೆಲಸ

ದಳದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ನವೀಕರಣ ಪ್ರತಿ ವರ್ಷವೂ ಆಗಬೇಕು, ಸದಸ್ಯರ ಹೆಸರು ಈಗ ಆನ್‌ಲೈನಿನಲ್ಲಿ ಏರಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಬರುತ್ತದೆ. ಅಲ್ಲಿ ಬರೆಯುವ ಹೆಸರು, ಹುಟ್ಟಿದ ದಿನ ಶಾಲೆಯ ದಾಖಲೆಯಲ್ಲಿ ಇರುವಂತೆಯೇ, ಇನಿಷಿಯಲ್ ಸಮೇತ ಒಂದೇ ಥರ ಇರಲಿ. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಇದ್ದರೆ ರಾಜ್ಯ ಪುರಸ್ಕಾರದ ಅರ್ಜಿ ಹೊತ್ತಿಗೆ ಓಡಾಡಬೇಕಾಗುತ್ತದೆ. ಒಂದು ವರ್ಷ ನವೀಕರಣ ತಪ್ಪಿತು ಅಂದರೆ ಆ ವರ್ಷ ಮಕ್ಕಳು ಕಲಿತದ್ದಕ್ಕೆ ದಾಖಲೆ ಇಲ್ಲ.

ಮಾರ್ಚಿನ ಎರಡನೇ ಭಾನುವಾರ ಎಲ್ಲ ಮನೆಯವರೂ ಲಾಗ್ ಪುಸ್ತಕ ಹಿಡಿದುಕೊಂಡು ಬರಬೇಕು ಅನ್ನುವುದು ನಮ್ಮ ಪದ್ಧತಿ. ಪುಟ ಪುಟ ತಿರುವಿ ನೋಡುತ್ತೇವೆ: ಯಾವ ಪರೀಕ್ಷೆಗೆ ದಿನಾಂಕ ಇದೆ ಸಹಿ ಇಲ್ಲ, ಯಾವುದಕ್ಕೆ ಸಹಿ ಇದೆ ದಿನಾಂಕ ಇಲ್ಲ, ಯಾವ ದಕ್ಷತಾ ಬ್ಯಾಡ್ಜಿನ ಪ್ರಮಾಣಪತ್ರ ಅಂಟಿಸಿಲ್ಲ. ಸಹಿ ಬೇಕಾದ ಪುಟಕ್ಕೆ ಬಣ್ಣದ ಚೀಟಿ ಹಚ್ಚಿ, ಮಾಸ್ಟರು ಪಕ್ಕದಲ್ಲೇ ಕೂತು ಅಂದೇ ಹಾಕಿಕೊಡುತ್ತಾರೆ. ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದು ಮನೆಯ ಎರಡು ಮೊಬೈಲಿನಲ್ಲಿ ಇಟ್ಟುಕೊಂಡರೆ, ಪುಸ್ತಕ ಮಳೆಗೆ ನೆಂದರೂ ಬಸ್ಸಿನಲ್ಲಿ ಬಿಟ್ಟುಬಂದರೂ ಮತ್ತೆ ಬರೆಸಲು ಆಧಾರ ಇರುತ್ತದೆ.